ಬೈಕಿಗೆ ಟರ್ಬೊ ಹಾಕಿಸಿದರೆ ಪಿಕಪ್ ಡಬಲ್ ಆಗುತ್ತದೆಯೇ? ಟರ್ಬೊ ಕಂಡುಹಿಡಿದ ಆಲ್ಫ್ರೆಡ್ ಬ್ಯೂಖಿಯ 20 ವರ್ಷಗಳ ಕಥೆಯಲ್ಲಿದೆ ಉತ್ತರ

ಕದರಮಂಡಲಗಿಯ ಓದುಗರೊಬ್ಬರು ನಮಗೆ ಒಂದು ವಿಡಿಯೊ ಫಾರ್ವರ್ಡ್ ಮಾಡಿದ್ದಾರೆ. ಅದರಲ್ಲಿ 150 ಸಿಸಿಯ ಮಾಮೂಲಿ ಬೈಕೊಂದರ ಸೈಲೆನ್ಸರ್ ಪೈಪಿಗೆ ಬಸವನಹುಳದ ಚಿಪ್ಪಿನಂಥ ಲೋಹದ ಸಾಧನವೊಂದನ್ನು ಜೋಡಿಸುತ್ತಾರೆ. ಮರುಕ್ಷಣ ಬೈಕ್ ಸೀಟಿ ಹೊಡೆದಂತೆ ಸದ್ದು ಮಾಡುತ್ತ ಖಾಲಿ ರಸ್ತೆಯಲ್ಲಿ ಬಾಣದಂತೆ ಹೋಗುತ್ತದೆ. ಟರ್ಬೊ ಹಾಕಿಸಿದರೆ ಪಿಕಪ್ ಡಬಲ್, ಮೈಲೇಜೂ ಡಬಲ್, ಬೈಕ್ ಕಂಪನಿಗಳು ಈ ಗುಟ್ಟನ್ನು ಮುಚ್ಚಿಟ್ಟಿವೆ, ಎಲ್ಲರಿಗೂ ಹಂಚಿ ಎಂಬ ಒಕ್ಕಣೆ ಅದರ ಕೆಳಗಿದೆ.

ಆ ಓದುಗರ ಮಗ ಕಾಲೇಜು ಹುಡುಗ. ಮೆಣಸಿನಕಾಯಿ ಮಾರಿದ ದುಡ್ಡಿನಲ್ಲಿ ಕೊಡಿಸಿದ ಬೈಕಿಗೆ ಇದನ್ನು ಹಾಕಿಸಿಯೇ ತೀರಬೇಕೆಂದು ಹಟ ಹಿಡಿದಿದ್ದಾನಂತೆ. ಗೆಳೆಯರ ಜೊತೆ ಹೆದ್ದಾರಿಯಲ್ಲಿ ಡ್ರ್ಯಾಗ್ ರೇಸ್ ಆಡುವ ಆಸೆಯೂ ಇದೆಯಂತೆ. ಈ ವಿಡಿಯೊ ನಿಜವೇ, ಹಾಕಿಸಿದರೆ ಅಪಾಯವಿದೆಯೇ ಎಂದು ತಂದೆ ಕೇಳಿದ್ದಾರೆ.

ಚುಟುಕಾಗಿ ಹೇಳುವುದಾದರೆ:

• ಟರ್ಬೊ ಎಂಬುದು ಸುಳ್ಳಲ್ಲ. ಸರಿಯಾಗಿ ಜೋಡಿಸಿದರೆ ಎಂಜಿನ್ನಿನ ಶಕ್ತಿ ಖಂಡಿತ ಹೆಚ್ಚುತ್ತದೆ.
• ಶಕ್ತಿ ಡಬಲ್ ಆದರೆ ಆ ಹೊತ್ತಿನಲ್ಲಿ ಉರಿಯುವ ಪೆಟ್ರೋಲೂ ಹೆಚ್ಚುಕಡಿಮೆ ಡಬಲ್ ಆಗುತ್ತದೆ. ಮೈಲೇಜ್ ಡಬಲ್ ಎಂಬುದು ಸುಳ್ಳು.
• ಟರ್ಬೊಗೆಂದು ತಯಾರಾಗದ ಎಂಜಿನ್ನಿಗೆ ಅದನ್ನು ಹಾಕಿದರೆ ಪಿಸ್ಟನ್ ಸುಡುತ್ತದೆ. ಅದು ಸವಾರನ ಜೀವಕ್ಕೂ ಅಪಾಯ.
• ಇದರಲ್ಲಿ ಮುಚ್ಚಿಟ್ಟ ಗುಟ್ಟೇನೂ ಇಲ್ಲ. ಟರ್ಬೊದ ಪೇಟೆಂಟ್ 1905ರಲ್ಲೇ ದಾಖಲಾಗಿದೆ.

ಅದನ್ನು ದಾಖಲಿಸಿದವರು ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರ್. ಕಾಗದದ ಮೇಲೆ ಬರೆದದ್ದನ್ನು ಕೆಲಸ ಮಾಡುವಂತೆ ಮಾಡಲು ಅವರಿಗೆ ಸರಿಯಾಗಿ 20 ವರ್ಷ ಬೇಕಾಯಿತು. ಅಷ್ಟು ವರ್ಷ ಯಾಕೆ ಬೇಕಾಯಿತು ಎಂಬುದು ಗೊತ್ತಾದರೆ, ಗ್ಯಾರೇಜಿನಲ್ಲಿ ಒಂದು ಮಧ್ಯಾಹ್ನದಲ್ಲಿ ಟರ್ಬೊ ಕೂರಿಸುವ ವಿಡಿಯೊದಲ್ಲಿ ಏನು ತಪ್ಪಿದೆ ಎಂಬುದೂ ಗೊತ್ತಾಗುತ್ತದೆ.

ಎಂಜಿನ್‌ಗಳ ಊರಿನಲ್ಲಿ ಹುಟ್ಟಿದ ಹುಡುಗ

ಬ್ಯೂಖಿ ಹುಟ್ಟಿದ್ದು 1879ರ ಜುಲೈ 11ರಂದು, ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಪಟ್ಟಣದಲ್ಲಿ. ಬ್ಯಾಡಗಿ ಎಂದರೆ ಹೇಗೆ ಮೆಣಸಿನಕಾಯಿಯೋ ಹಾಗೆ ಅಂದಿನ ವಿಂಟರ್‌ಥೂರ್ ಎಂದರೆ ಯಂತ್ರಗಳು. ಸುಲ್ಜರ್ ಎಂಬ ಹೆಸರಾಂತ ಕಾರ್ಖಾನೆ ಅಲ್ಲಿತ್ತು. ಬ್ಯೂಖಿಯ ತಂದೆ ಅದೇ ಕಾರ್ಖಾನೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದರು.

ಇಲ್ಲೊಂದು ಕಾಕತಾಳೀಯವಿದೆ. ಬ್ಯೂಖಿ ಹುಟ್ಟಿದ ಅದೇ 1879ರಲ್ಲಿ ಜರ್ಮನಿಯಲ್ಲಿ ಓದುತ್ತಿದ್ದ ಯುವಕನೊಬ್ಬ ಕೆಲಸ ಕಲಿಯಲೆಂದು ಇದೇ ಸುಲ್ಜರ್ ಕಾರ್ಖಾನೆಗೆ ಬಂದಿದ್ದ. ಆತನ ಹೆಸರು ರುಡಾಲ್ಫ್ ಡೀಸೆಲ್. ಮುಂದೆ ತನ್ನ ಹೆಸರಿನ ಎಂಜಿನ್ ಕಂಡುಹಿಡಿದವನು ಆತನೇ. ಡೀಸೆಲ್ ಎಂಜಿನ್ನಿಗೆ ಎರಡನೇ ಜೀವ ಕೊಟ್ಟ ಟರ್ಬೊ ಹುಟ್ಟಿದ್ದು ಬ್ಯೂಖಿಯ ತಲೆಯಲ್ಲಿ.

ಬ್ಯೂಖಿ 1899ರಲ್ಲಿ ಜ್ಯೂರಿಕ್‌ನ ಪ್ರಸಿದ್ಧ ತಾಂತ್ರಿಕ ವಿದ್ಯಾಲಯ ಸೇರಿದರು, 1903ರಲ್ಲಿ ಮೆಕ್ಯಾನಿಕಲ್ ಎಂಜಿನಿಯರ್ ಆದರು. ಆಮೇಲೆ ಕೆಲವು ವರ್ಷ ಬೆಲ್ಜಿಯಂ ಮತ್ತು ಇಂಗ್ಲೆಂಡಿನಲ್ಲಿ ಕೆಲಸ ಮಾಡಿದರು. ಆ ದಿನಗಳಲ್ಲಿ ಅವರ ತಲೆಯನ್ನು ಕೊರೆಯುತ್ತಿದ್ದದ್ದು ಎಂಜಿನ್ನಿನಿಂದ ಸುಮ್ಮನೆ ಹೊರಗೆ ಹೋಗುತ್ತಿದ್ದ ಬಿಸಿ ಹೊಗೆ.

ಸೈಲೆನ್ಸರ್ ಮೂಲಕ ಹೋಗುವ ದುಡ್ಡು

ನಿಮ್ಮ ಬೈಕಿಗೆ 100 ರೂಪಾಯಿಯ ಪೆಟ್ರೋಲ್ ಹಾಕಿಸಿದ್ದೀರಿ ಎಂದುಕೊಳ್ಳಿ. ಅದರಲ್ಲಿ ಚಕ್ರ ತಿರುಗಿಸುವ ಕೆಲಸಕ್ಕೆ ಸಿಗುವುದು ಹೆಚ್ಚೆಂದರೆ 30 ರೂಪಾಯಿಯಷ್ಟು ಶಕ್ತಿ. ಸುಮಾರು ಅಷ್ಟೇ ಪಾಲು ಬಿಸಿ ಹೊಗೆಯಾಗಿ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಉಳಿದದ್ದು ಎಂಜಿನ್ ಬಿಸಿಯಾಗುವುದರಲ್ಲಿ, ತಿಕ್ಕಾಟದಲ್ಲಿ ಕಳೆದುಹೋಗುತ್ತದೆ.

ಈ ಹೊಗೆಯ ಶಕ್ತಿಯನ್ನು ಹಿಡಿಯಲು ಸಾಧ್ಯವೇ ಎಂದು ಬ್ಯೂಖಿ ಯೋಚಿಸಿದರು. ಅದನ್ನು ಬಳಸುವ ಜಾಗವೂ ಅವರಿಗೆ ಹೊಳೆದಿತ್ತು. ಎಂಜಿನ್ನಿಗೆ ಗಾಳಿ ಒಳಗೆ ಹೋಗುವ ಬಾಯಿಯೇ ಆ ಜಾಗ.

ಇಲ್ಲಿ ಗಾಳಿಯ ಲೆಕ್ಕ ಸ್ವಲ್ಪ ನೋಡಬೇಕು. 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. 1 ಲೀಟರ್ ಪೆಟ್ರೋಲ್ ಉರಿಯಲು 9 ಸಾವಿರ ಲೀಟರಿಗೂ ಹೆಚ್ಚು ಗಾಳಿ ಬೇಕು. ಪೆಟ್ರೋಲನ್ನು ಹೆಚ್ಚು ಸುರಿಯುವುದು ಸುಲಭ, ಆದರೆ ಅದಕ್ಕೆ ತಕ್ಕಷ್ಟು ಗಾಳಿಯನ್ನು ಸಿಲಿಂಡರಿಗೆ ತುಂಬುವುದು ಕಷ್ಟ. ಎಂಜಿನ್ನಿನ ಶಕ್ತಿಗೆ ಮಿತಿ ಹಾಕುವುದು ಈ ಗಾಳಿ.

ಹಳ್ಳಿಯ ಕಮ್ಮಾರರ ಕುಲುಮೆ ನೆನಪಿಸಿಕೊಳ್ಳಿ. ತಿದಿ ಒತ್ತಿದಂತೆಲ್ಲ ಕೆಂಡ ನಿಗಿನಿಗಿ ಉರಿಯುತ್ತದೆ. ಆದರೆ ತಿದಿ ಒತ್ತಲು ಒಬ್ಬರು ಕೂರಬೇಕು. ಕುಲುಮೆಯ ಹೊಗೆಯೇ ಹೊರಗೆ ಹೋಗುವಾಗ ಒಂದು ರಾಟೆಯನ್ನು ತಿರುಗಿಸಿ, ಆ ರಾಟೆ ತಿದಿಯನ್ನು ಒತ್ತುವಂತಿದ್ದರೆ? ಟರ್ಬೊ ಎಂದರೆ ಇಷ್ಟೇ. ಒಂದೇ ಸಣ್ಣ ಅಚ್ಚಿನ ಎರಡು ತುದಿಗೆ ಎರಡು ಚಕ್ರ. ಒಂದು ಚಕ್ರವನ್ನು ಹೊಗೆ ತಿರುಗಿಸುತ್ತದೆ. ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಎಂಜಿನ್ನಿಗೆ ತುಂಬುತ್ತದೆ.

1905ರ ನವೆಂಬರ್ 16ರಂದು ಬ್ಯೂಖಿ ಈ ಯೋಚನೆಗೆ ಜರ್ಮನಿಯಲ್ಲಿ ಪೇಟೆಂಟ್ ಅರ್ಜಿ ಹಾಕಿದರು. ಆಗ ಅವರಿಗೆ ಕೇವಲ 26 ವರ್ಷ.

ಕಾಗದದಲ್ಲಿ ಗೆದ್ದದ್ದು, ಕಾರ್ಖಾನೆಯಲ್ಲಿ ಸೋತದ್ದು

1909ರಲ್ಲಿ ಬ್ಯೂಖಿ ತಮ್ಮ ಊರಿನ ಸುಲ್ಜರ್ ಕಾರ್ಖಾನೆ ಸೇರಿ ಡೀಸೆಲ್ ಎಂಜಿನ್‌ಗಳ ಸಂಶೋಧನೆಯಲ್ಲಿ ತೊಡಗಿದರು. 1911ರಿಂದ ಟರ್ಬೊ ಪ್ರಯೋಗಗಳು ಶುರುವಾದವು. 1915ರಲ್ಲಿ ಮೊದಲ ಮಾದರಿ ಸಿದ್ಧವಾಯಿತು, ಆದರೆ ಅದು ನಂಬಿ ಬಳಸುವಂತಿರಲಿಲ್ಲ.

ಮೊದಲ ತೊಡಕು ಬಿಸಿ. ಹೊಗೆಯ ದಾರಿಯಲ್ಲಿರುವ ಚಕ್ರ ಕೆಂಪಗೆ ಕಾಯ್ದು, ಅದೇ ಹೊತ್ತಿನಲ್ಲಿ ಅತಿವೇಗವಾಗಿ ತಿರುಗಬೇಕು. ಆ ಕಾಲದ ಉಕ್ಕಿಗೆ ಅದು ಕಠಿಣ ಪರೀಕ್ಷೆ. ಎರಡನೆಯದು, ಅಂದಿನ ಚಕ್ರಗಳು ಹೊಗೆಯ ಶಕ್ತಿಯಲ್ಲಿ ಹೆಚ್ಚಿನ ಪಾಲನ್ನು ಪೋಲು ಮಾಡುತ್ತಿದ್ದವು. ಗಾಳಿ ತುಂಬಲು ಬೇಕಾದಷ್ಟು ಶಕ್ತಿ ಉಳಿಯುತ್ತಿರಲಿಲ್ಲ.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಹೊಗೆಯ ದಾರಿಗೆ ಅಡ್ಡವಾಗಿ ಚಕ್ರ ಇಟ್ಟರೆ ಹೊಗೆ ಸಲೀಸಾಗಿ ಹೊರಗೆ ಹೋಗುವುದಿಲ್ಲ. ಸಿಲಿಂಡರಿನಲ್ಲಿ ಹಳೆಯ ಹೊಗೆ ಉಳಿದರೆ ಹೊಸ ಗಾಳಿಗೆ ಜಾಗವಿಲ್ಲ. ಒಲೆಯ ಹೊಗೆಗೂಡಿಗೆ ಗೋಣಿಚೀಲ ತುರುಕಿ, ಇನ್ನೊಂದು ಕಡೆಯಿಂದ ಊದುಗೊಳವೆ ಊದಿದಂತೆ.

ಅದೇ 1915ರಲ್ಲಿ ಬ್ಯೂಖಿ ಇನ್ನೊಂದು ಪೇಟೆಂಟ್ ಅರ್ಜಿ ಹಾಕಿದರು. ಹೊಗೆ ಹೋಗುವ ವಾಲ್ವ್ ಪೂರ್ತಿ ಮುಚ್ಚುವ ಮೊದಲೇ ಗಾಳಿ ಬರುವ ವಾಲ್ವ್ ತೆರೆಯಲಿ ಎಂಬುದು ಅದರ ತಿರುಳು. ಎರಡೂ ಬಾಗಿಲು ಒಂದು ಕ್ಷಣ ಒಟ್ಟಿಗೆ ತೆರೆದಿದ್ದರೆ, ಒತ್ತಿ ಬರುವ ತಂಪು ಗಾಳಿ ಹಳೆಯ ಹೊಗೆಯನ್ನು ಗುಡಿಸಿ ಹೊರಹಾಕುತ್ತದೆ. ಕಾಯ್ದ ಪಿಸ್ಟನ್, ವಾಲ್ವುಗಳನ್ನು ತಣ್ಣಗೂ ಮಾಡುತ್ತದೆ. ಟರ್ಬೊ ಒಂದನ್ನೇ ಸುಧಾರಿಸಿದರೆ ಸಾಲದು, ಎಂಜಿನ್ನಿನ ಒಳಗನ್ನೂ ಬದಲಿಸಬೇಕು ಎಂಬುದು ಬ್ಯೂಖಿಗೆ ಅರ್ಥವಾಗಿತ್ತು. ಈ ಮಾತನ್ನು ನೆನಪಿಡಿ, ಬೈಕಿನ ವಿಷಯಕ್ಕೆ ಬಂದಾಗ ಇದೇ ಮುಖ್ಯ.

ಬೆಟ್ಟದ ತುದಿಯಲ್ಲಿ ಒಂದು ಪರೀಕ್ಷೆ

ಅಷ್ಟರಲ್ಲಿ ಮೊದಲ ಮಹಾಯುದ್ಧ ನಡೆದಿತ್ತು. ವಿಮಾನ ಮೇಲೇರಿದಂತೆ ಗಾಳಿ ತೆಳುವಾಗಿ ಎಂಜಿನ್ ಸೊರಗುತ್ತಿತ್ತು. ಫ್ರಾನ್ಸಿನಲ್ಲಿ ಆಗಸ್ಟ್ ರಾಟೊ, ಅಮೆರಿಕದಲ್ಲಿ ಸ್ಯಾನ್‌ಫರ್ಡ್ ಮಾಸ್ ಇದಕ್ಕೆ ಟರ್ಬೊ ಪರಿಹಾರ ಹುಡುಕಿದರು.

ಮಾಸ್ ಅವರ ತಂಡ 1918ರಲ್ಲಿ ಒಂದು ವಿಮಾನದ ಎಂಜಿನ್ನನ್ನು ಲಾರಿಯಲ್ಲಿ ಹೇರಿಕೊಂಡು ಅಮೆರಿಕದ ಪೈಕ್ಸ್ ಪೀಕ್ ಬೆಟ್ಟದ ತುದಿಗೆ ಹೋಯಿತು. ಎತ್ತರ ಸುಮಾರು 4,300 ಮೀಟರ್. ಕೆಳಗೆ ಸುಮಾರು 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್, ಬೆಟ್ಟದ ಮೇಲೆ 230ಕ್ಕೆ ಇಳಿಯಿತು. ಟರ್ಬೊ ಜೋಡಿಸಿದಾಗ 356 ಕೊಟ್ಟಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಬಿ-17ನಂಥ ಬಾಂಬರ್ ವಿಮಾನಗಳು ಟರ್ಬೊ ಬಲದಿಂದಲೇ ಎತ್ತರದಲ್ಲಿ ಹಾರುತ್ತಿದ್ದವು.

ಹಾಗಾಗಿ ಟರ್ಬೊ ಹುಟ್ಟಿದ್ದು ರೇಸಿನವರಿಂದ ಎಂದು ಕೆಲವು ಫಾರ್ವರ್ಡುಗಳು ಹೇಳುವುದು ತಪ್ಪು. ಅದನ್ನು ಯೋಚಿಸಿದವರು ಇಂಧನ ಪೋಲಾಗುವುದನ್ನು ತಡೆಯಲು ಹೊರಟ ಡೀಸೆಲ್ ಎಂಜಿನಿಯರ್. ಬೆಳೆಸಿದ್ದು ವಿಮಾನ ಮತ್ತು ಹಡಗು.

1925: ಕೊನೆಗೂ ಸಿಕ್ಕ ಗೆಲುವು

ಬ್ಯೂಖಿ ಮಾತ್ರ ಡೀಸೆಲ್ ಎಂಜಿನ್ನನ್ನು ಬಿಡಲಿಲ್ಲ. 1925ರಲ್ಲಿ ಅವರ ಹೆಸರಿನಲ್ಲಿ ಬಂದ ಪೇಟೆಂಟ್ ಮೂರನೇ ತೊಡಕನ್ನು ಬಿಡಿಸಿತು.

ಎಂಜಿನ್ನಿನ ಹೊಗೆ ನಲ್ಲಿಯ ನೀರಿನಂತೆ ಒಂದೇ ಸಮನೆ ಹರಿಯುವುದಿಲ್ಲ. ವಾಲ್ವ್ ತೆರೆದಾಗಲೆಲ್ಲ ಡಬ್ ಡಬ್ ಎಂದು ಬಡಿತವಾಗಿ ಚಿಮ್ಮುತ್ತದೆ. ಎಲ್ಲ ಸಿಲಿಂಡರುಗಳ ಹೊಗೆಯನ್ನೂ ಒಂದೇ ದೊಡ್ಡ ಪೈಪಿಗೆ ಬಿಟ್ಟರೆ, ಒಂದರ ಬಡಿತ ಇನ್ನೊಂದರ ಬಾಗಿಲಿಗೆ ಅಡ್ಡ ಬರುತ್ತದೆ. ಬಡಿತದ ಜೋರೂ ಕರಗಿಹೋಗುತ್ತದೆ. ಬ್ಯೂಖಿ ಸಿಲಿಂಡರುಗಳನ್ನು ಗುಂಪು ಮಾಡಿದರು. ಒಂದಕ್ಕೊಂದು ಅಡ್ಡ ಬಾರದ ಸಿಲಿಂಡರುಗಳಿಗೆ ಒಂದು ಕಿರಿದಾದ ಪೈಪ್, ಉಳಿದವುಗಳಿಗೆ ಬೇರೆ ಪೈಪ್. ಹೀಗೆ ಪ್ರತಿಯೊಂದು ಬಡಿತವೂ ತನ್ನ ಜೋರನ್ನು ಕಳೆದುಕೊಳ್ಳದೆ ಚಕ್ರಕ್ಕೆ ಹೋಗಿ ಬಡಿಯಿತು. ಎರಡು ಬಡಿತಗಳ ನಡುವೆ ಪೈಪಿನ ಒತ್ತಡ ತಗ್ಗಿದಾಗ ತಾಜಾ ಗಾಳಿ ಸಿಲಿಂಡರನ್ನು ಗುಡಿಸಿತು.

ಫಲಿತಾಂಶ ಕಣ್ಣಿಗೆ ಕಾಣುವಂತಿತ್ತು. ಜರ್ಮನಿಯ ಪ್ರಾಯ್ಸೆನ್ ಮತ್ತು ಹಾನ್ಸಾಸ್ಟಾಟ್ ಡಾನ್‌ಸಿಗ್ ಎಂಬ ಎರಡು ಪ್ರಯಾಣಿಕ ಹಡಗುಗಳಿಗಾಗಿ ತಯಾರಾದ 10 ಸಿಲಿಂಡರಿನ ಡೀಸೆಲ್ ಎಂಜಿನ್‌ಗಳು, ಟರ್ಬೊ ಇಲ್ಲದೆ 1,750 ಅಶ್ವಶಕ್ತಿ ಕೊಡುತ್ತಿದ್ದವು. ಟರ್ಬೊ ಜೋಡಿಸಿದ ಮೇಲೆ 2,500 ಕೊಟ್ಟವು. ಎಂಜಿನ್ನಿನ ಗಾತ್ರ ಅದೇ, ಶಕ್ತಿ ಶೇ 40ಕ್ಕೂ ಹೆಚ್ಚು. ಬ್ಯೂಖಿಗೆ ಆಗ 46 ವರ್ಷ. ಮೊದಲ ಅರ್ಜಿಗೆ 20 ವರ್ಷ ತುಂಬಿತ್ತು.

1926ರಲ್ಲಿ ಅವರು ಸುಲ್ಜರ್ ಬಿಟ್ಟು, ಬ್ರೌನ್ ಬೊವೆರಿ ಕಂಪನಿ ಮತ್ತು ವಿಂಟರ್‌ಥೂರ್‌ನ ರೈಲು ಎಂಜಿನ್ ಕಾರ್ಖಾನೆಯೊಂದರ ಜೊತೆ ಸೇರಿ ಬ್ಯೂಖಿ ಸಿಂಡಿಕೇಟ್ ಎಂಬ ಕೂಟ ಕಟ್ಟಿದರು. ಒಬ್ಬರು ಟರ್ಬೊ ಮಾಡುವುದು, ಒಬ್ಬರು ಪರೀಕ್ಷೆಗೆ ಎಂಜಿನ್ ಕೊಡುವುದು, ಬ್ಯೂಖಿ ಎರಡನ್ನೂ ಹೊಂದಿಸುವುದು. ಟರ್ಬೊ ಮತ್ತು ಎಂಜಿನ್ ಒಂದಕ್ಕೊಂದು ಹೇಳಿ ಮಾಡಿಸಿದಂತಿರಬೇಕು ಎಂಬ ಅವರ ಅನುಭವ ಈ ಏರ್ಪಾಡಿನಲ್ಲೇ ಕಾಣುತ್ತದೆ.

1938ರಲ್ಲಿ ಸ್ವಿಟ್ಜರ್ಲೆಂಡಿನ ಸೌರರ್ ಕಂಪನಿ ಲಾರಿ ಎಂಜಿನ್ನಿಗೆ ಟರ್ಬೊ ತಂದಿತು. ಅದೇ ವರ್ಷ ಬ್ಯೂಖಿ ಓದಿದ ಜ್ಯೂರಿಕ್‌ನ ವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1959ರ ಅಕ್ಟೋಬರ್ 27ರಂದು, ಹುಟ್ಟಿದ ಊರು ವಿಂಟರ್‌ಥೂರ್‌ನಲ್ಲೇ ಅವರು ತೀರಿಕೊಂಡರು. 80 ವರ್ಷ ಬಾಳಿದ್ದರು.

ಇಂದು ಬ್ಯಾಡಗಿ ಮಾರುಕಟ್ಟೆಯಿಂದ ಮೆಣಸಿನಕಾಯಿ ಚೀಲ ಹೇರಿಕೊಂಡು ಹೊರಡುವ ಲಾರಿ, ಘಾಟಿಯಲ್ಲಿ ಏದುಸಿರು ಬಿಡದೆ ಏರುತ್ತಿದ್ದರೆ ಅದರ ಹಿಂದೆ ಬ್ಯೂಖಿಯ ಯೋಚನೆ ಇದೆ. ಇಂದಿನ ಲಾರಿ, ಬಸ್ಸು, ಡೀಸೆಲ್ ಕಾರುಗಳಲ್ಲಿ ಟರ್ಬೊ ಮಾಮೂಲಿ ಸಂಗತಿ.

ಹಾಗಾದರೆ ಬೈಕಿಗೆ ಯಾಕಿಲ್ಲ?

ಕಂಪನಿಗಳು ಮುಚ್ಚಿಟ್ಟಿವೆ ಎಂಬ ಮಾತಿಗೆ ಇಲ್ಲಿ ಉತ್ತರವಿದೆ. ಮುಚ್ಚಿಡುವುದಿರಲಿ, ಜಪಾನಿನ ನಾಲ್ಕೂ ದೊಡ್ಡ ಕಂಪನಿಗಳು ಟರ್ಬೊ ಬೈಕ್ ಮಾಡಿ ಮಾರಿವೆ.

1978ರಲ್ಲಿ ಅಮೆರಿಕದಲ್ಲಿ ಕವಾಸಾಕಿಯ ಝಡ್1ಆರ್ ಬೈಕಿಗೆ ಹೊರಗಿನಿಂದ ತಂದ ಟರ್ಬೊ ಜೋಡಿಸಿ ಮಾರಲಾಯಿತು. ಎಂಜಿನ್ನಿಗೆ ಗ್ಯಾರಂಟಿ ಕೇಳುವುದಿಲ್ಲ ಎಂದು ಕೊಳ್ಳುವವರಿಂದ ಮೊದಲೇ ಸಹಿ ಹಾಕಿಸಿಕೊಳ್ಳುತ್ತಿದ್ದರು. ಸಿದ್ಧ ಎಂಜಿನ್ನಿಗೆ ಟರ್ಬೊ ಅಂಟಿಸಿದರೆ ಏನಾಗಬಹುದು ಎಂಬುದು ಮಾರುವವರಿಗೇ ಗೊತ್ತಿತ್ತು.

1982ರಲ್ಲಿ ಹೋಂಡಾ ಸಿಎಕ್ಸ್500 ಟರ್ಬೊ ಬಂತು. ಸುಮಾರು 50 ಅಶ್ವಶಕ್ತಿಯ 497 ಸಿಸಿ ಎಂಜಿನ್ ಟರ್ಬೊದಿಂದ 82 ಅಶ್ವಶಕ್ತಿಗೆ ಏರಿತು. ಆದರೆ ಅದಕ್ಕಾಗಿ ಹೋಂಡಾ ಏನೇನು ಬದಲಿಸಿತು ನೋಡಿ. ಪಿಸ್ಟನ್ ಬದಲಾಯಿತು. ಒಳಗಿನ ಭಾಗಗಳನ್ನು ಗಟ್ಟಿ ಮಾಡಿದರು. ಕಂಪ್ರೆಷನ್ ಅನುಪಾತವನ್ನು 10ರಿಂದ 7.2ಕ್ಕೆ ಇಳಿಸಿದರು. ಕಾರ್ಬುರೇಟರ್ ತೆಗೆದು ಕಂಪ್ಯೂಟರ್ ನಿಯಂತ್ರಿಸುವ ಫ್ಯುಯೆಲ್ ಇಂಜೆಕ್ಷನ್ ಹಾಕಿದರು. ಎಂಜಿನ್ ಮೊದಲಿನಿಂದಲೂ ನೀರಿನಿಂದ ತಣಿಯುವ ಎರಡು ಸಿಲಿಂಡರಿನದ್ದು. ಅದೇ ಸುಮಾರಿನಲ್ಲಿ ಯಮಹಾ, ಸುಜುಕಿ, ಕವಾಸಾಕಿ ಕೂಡ ಟರ್ಬೊ ಬೈಕ್ ತಂದವು.

1980ರ ದಶಕ ಮುಗಿಯುವ ಮೊದಲೇ ನಾಲ್ಕೂ ಮಾದರಿಗಳು ನಿಂತುಹೋದವು. ಬೆಲೆ ಹೆಚ್ಚು, ತೂಕ ಹೆಚ್ಚು. ಆಕ್ಸಿಲೇಟರ್ ತಿರುಗಿಸಿದ ಮೇಲೆ ಒಂದು ಕ್ಷಣ ಏನೂ ಆಗದೆ, ಆಮೇಲೆ ಒಮ್ಮೆಲೇ ಶಕ್ತಿ ನುಗ್ಗುತ್ತಿತ್ತು. ಚಕ್ರ ವೇಗ ಹಿಡಿಯಲು ಬೇಕಾದ ಈ ಹೊತ್ತನ್ನು ಟರ್ಬೊ ಲ್ಯಾಗ್ ಎನ್ನುತ್ತಾರೆ. ಕಾರಿನಲ್ಲಿ ಅದು ಕಿರಿಕಿರಿ. ತಿರುವಿನಲ್ಲಿ ವಾಲಿದ ಬೈಕಿನಲ್ಲಿ ಅದೇ ಲ್ಯಾಗ್ ಸವಾರನನ್ನು ಬೀಳಿಸಬಲ್ಲದು. ಅಷ್ಟೇ ಶಕ್ತಿಯನ್ನು ಸ್ವಲ್ಪ ದೊಡ್ಡ ಎಂಜಿನ್ ಯಾವ ತಾಪತ್ರಯವಿಲ್ಲದೆ ಕೊಡುತ್ತಿತ್ತು. ಗಿರಾಕಿಗಳು ಅದನ್ನೇ ಆರಿಸಿಕೊಂಡರು.

ಇನ್ನೊಂದು ಗೊಂದಲ. ಕವಾಸಾಕಿಯ ನಿಂಜಾ ಎಚ್2 ಬೈಕಿನ ವಿಡಿಯೊಗಳನ್ನು ಟರ್ಬೊ ಎಂದು ಹಂಚುವವರಿದ್ದಾರೆ. ಅದರಲ್ಲಿರುವುದು ಸೂಪರ್‌ಚಾರ್ಜರ್. ಗಾಳಿ ಒತ್ತುವ ಚಕ್ರವನ್ನು ಅಲ್ಲಿ ಎಂಜಿನ್ನೇ ನೇರವಾಗಿ ತಿರುಗಿಸುತ್ತದೆ, ಹೊಗೆಗೆ ಅಲ್ಲಿ ಕೆಲಸವಿಲ್ಲ.

ಡ್ರ್ಯಾಗ್ ರೇಸಿನಲ್ಲಿ ಟರ್ಬೊ ಗೆಲ್ಲುವುದು ಹೇಗೆ?

ಟರ್ಬೊ ಬೈಕುಗಳು ನಿಜವಾಗಿ ಮೆರೆಯುವ ಜಾಗ ಡ್ರ್ಯಾಗ್ ರೇಸ್. ನಿಂತಲ್ಲಿಂದ ಹೊರಟು ಕಾಲು ಮೈಲಿ, ಅಂದರೆ 402 ಮೀಟರ್, ನೇರ ದಾರಿಯಲ್ಲಿ ಯಾರು ಮೊದಲು ಮುಟ್ಟುತ್ತಾರೆ ಎಂಬ ಸ್ಪರ್ಧೆ. ಅಂಗಡಿಯಿಂದ ತಂದ ಸುಜುಕಿ ಹಯಬುಸಾ ಈ ದೂರಕ್ಕೆ ಸುಮಾರು 10 ಸೆಕೆಂಡ್ ತೆಗೆದುಕೊಂಡರೆ, ವಿದೇಶಗಳ ಟರ್ಬೊ ಡ್ರ್ಯಾಗ್ ಬೈಕುಗಳು 7 ಸೆಕೆಂಡಿನೊಳಗೆ ಮುಗಿಸಿವೆ.

ಆದರೆ ಅವುಗಳಲ್ಲಿ ಅಂಗಡಿಯ ಬೈಕಿನ ಭಾಗ ಎಷ್ಟು ಉಳಿದಿರುತ್ತದೆ ಎಂಬುದನ್ನು ನೋಡಬೇಕು. ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ಲಚ್ ಎಲ್ಲವೂ ಬೇರೆ. ಮುಂದಿನ ಚಕ್ರ ಎದ್ದು ಬೈಕ್ ಹಿಂದಕ್ಕೆ ಮಗುಚದಂತೆ ಹಿಂದಿನ ಭಾಗವನ್ನು ಉದ್ದ ಮಾಡಿರುತ್ತಾರೆ. ಕೆಲವು ವರ್ಗಗಳಲ್ಲಿ ಪೆಟ್ರೋಲ್ ಬದಲು ಮೆಥನಾಲ್ ಉರಿಸುತ್ತಾರೆ, ಏಕೆಂದರೆ ಅದು ಆವಿಯಾಗುವಾಗ ಒಳಗಿನ ಬಿಸಿಯನ್ನು ಹೀರುತ್ತದೆ. ಹೊರಟ ಗಳಿಗೆಯಲ್ಲಿ ಎಷ್ಟು ಒತ್ತಡ, ಯಾವ ಗೇರಿನಲ್ಲಿ ಎಷ್ಟು ಒತ್ತಡ ಎಂಬುದನ್ನು ಎಲೆಕ್ಟ್ರಾನಿಕ್ ಸಾಧನ ನಿಯಂತ್ರಿಸುತ್ತದೆ. ಬ್ಯೂಖಿಯ ಕಾಲದ ಪಾಠವೇ ಇಲ್ಲೂ ನಡೆಯುತ್ತಿದೆ: ಟರ್ಬೊಗೆ ತಕ್ಕಂತೆ ಇಡೀ ಯಂತ್ರವನ್ನು ಕಟ್ಟಬೇಕು. ಅದೂ ಕೆಲವೇ ಸೆಕೆಂಡುಗಳ ಓಟಕ್ಕೆ. ಆ ಎಂಜಿನ್‌ಗಳನ್ನು ಮತ್ತೆ ಮತ್ತೆ ಬಿಚ್ಚಿ ಪರೀಕ್ಷಿಸುತ್ತಾರೆ. ಕದರಮಂಡಲಗಿಯಿಂದ ರಾಣೆಬೆನ್ನೂರಿಗೆ ದಿನವೂ ಹೋಗಿಬರಲು ಅವನ್ನು ಯಾರೂ ಮಾಡಿಲ್ಲ.

ವಿಡಿಯೊದ ಕಿಟ್ ಹಾಕಿದರೆ ಏನಾಗುತ್ತದೆ?

ಈಗ ನಮ್ಮ ಓದುಗರ ಮಗನ 150 ಸಿಸಿ ಬೈಕಿಗೆ ಬರೋಣ. ಹಂತ ಹಂತವಾಗಿ ನೋಡೋಣ.

ಒಂದು, ಬಡಿತದ ಸಮಸ್ಯೆ. ಇಂಥ ಬೈಕಿಗೆ ಇರುವುದು ಒಂದೇ ಸಿಲಿಂಡರ್. ಎಂಜಿನ್ ಎರಡು ಸುತ್ತು ಸುತ್ತಿದಾಗ ಒಮ್ಮೆ ಮಾತ್ರ ಹೊಗೆ ಚಿಮ್ಮುತ್ತದೆ. ಬ್ಯೂಖಿಗೆ ಹೊಂದಿಸಲು 10 ಸಿಲಿಂಡರುಗಳಿದ್ದವು. ಇಲ್ಲಿ ಒಂದರ ಹೊಗೆಯಿಂದ ಚಕ್ರ ಒಂದೇ ವೇಗದಲ್ಲಿ ತಿರುಗುತ್ತಿರಬೇಕು. ಸಾಧ್ಯವಿಲ್ಲವೆಂದಲ್ಲ, ಆದರೆ ಅಳತೆಗೆ ಸರಿಯಾದ ಸಣ್ಣ ಟರ್ಬೊ ಬೇಕು. ಹಳೆಯ ಕಾರಿನಿಂದ ಬಿಚ್ಚಿ ತಂದದ್ದು ದೊಡ್ಡದಾಗಿ, ಲ್ಯಾಗ್ ಮಾತ್ರ ಉಳಿಯುತ್ತದೆ.

ಎರಡು, ಬಿಸಿ. ಸೈಕಲ್ ಪಂಪು ಹೊಡೆದಾಗ ಅದರ ಬುಡ ಬಿಸಿಯಾಗುವುದನ್ನು ನೋಡಿದ್ದೀರಿ. ಗಾಳಿ ಒತ್ತಿದರೆ ಬಿಸಿಯಾಗುತ್ತದೆ. 30 ಡಿಗ್ರಿಯ ಗಾಳಿಯನ್ನು ದುಪ್ಪಟ್ಟು ಒತ್ತಡಕ್ಕೆ ಒತ್ತಿದರೆ ಅದು 100 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಬಿಸಿ ಗಾಳಿಯಲ್ಲಿ ಬೆರೆತ ಪೆಟ್ರೋಲ್ ಸಿಲಿಂಡರಿನಲ್ಲಿ ಮತ್ತಷ್ಟು ಒತ್ತಿಕೊಂಡಾಗ, ಪ್ಲಗ್ಗಿನ ಕಿಡಿಯಿಂದ ಹೊರಟ ಬೆಂಕಿ ತಲುಪುವ ಮೊದಲೇ ತಾನಾಗಿ ಸಿಡಿಯುತ್ತದೆ. ಮೆಕ್ಯಾನಿಕ್‌ಗಳು ನಾಕಿಂಗ್ ಎನ್ನುವುದು ಇದನ್ನೇ. ಸುತ್ತಿಗೆಯಿಂದ ಹೊಡೆದಂತೆ ಅದು ಪಿಸ್ಟನ್ನಿಗೆ ಬಡಿಯುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಒತ್ತುವುದು ಬರೀ ಗಾಳಿಯನ್ನು, ಡೀಸೆಲ್ ಆಮೇಲೆ ಬರುತ್ತದೆ. ಹಾಗಾಗಿ ಅಲ್ಲಿ ಈ ತೊಂದರೆ ಇಲ್ಲ. ಲಾರಿಗೆ ಒಗ್ಗಿದ ಟರ್ಬೊ ಬೈಕಿಗೆ ಒಗ್ಗದಿರುವುದಕ್ಕೆ ಇದೇ ದೊಡ್ಡ ಕಾರಣ. ಹೋಂಡಾ ಕಂಪ್ರೆಷನ್ ಇಳಿಸಿದ್ದೂ ಇದಕ್ಕೇ.

ಮೂರು, ಪೆಟ್ರೋಲಿನ ಲೆಕ್ಕ. ಗಾಳಿ ಹೆಚ್ಚಾದಾಗ ಅದೇ ಪ್ರಮಾಣದಲ್ಲಿ ಪೆಟ್ರೋಲೂ ಹೆಚ್ಚಬೇಕು. ಬೈಕಿನ ಕಾರ್ಬುರೇಟರ್ ಅಥವಾ ಕಂಪ್ಯೂಟರಿಗೆ ಈ ಹೊಸ ಗಾಳಿಯ ಸುದ್ದಿಯೇ ಇರುವುದಿಲ್ಲ. ಪೆಟ್ರೋಲ್ ಕಡಿಮೆ ಬಿದ್ದಾಗ ಒಳಗಿನ ಬಿಸಿ, ನಾಕಿಂಗ್ ಎರಡೂ ಏರಿ ಪಿಸ್ಟನ್ನಿನ ತಲೆಯಲ್ಲಿ ತೂತು ಬೀಳಬಹುದು. ಓಡುತ್ತಿರುವಾಗ ಎಂಜಿನ್ ಜಾಮ್ ಆದರೆ ಹಿಂದಿನ ಚಕ್ರವೂ ಕಚ್ಚಿಕೊಳ್ಳುತ್ತದೆ. 100 ಕಿ.ಮೀ. ವೇಗದಲ್ಲಿ ಹಾಗಾದರೆ ಹೆಲ್ಮೆಟ್ ಕೂಡ ಎಷ್ಟು ಕಾಪಾಡೀತು?

ನಾಲ್ಕು, ಎಣ್ಣೆ. ಸಣ್ಣ ಟರ್ಬೊದ ಚಕ್ರ ನಿಮಿಷಕ್ಕೆ 1 ಲಕ್ಷ ಸುತ್ತಿಗಿಂತ ಹೆಚ್ಚು ತಿರುಗುತ್ತದೆ. ಅದರ ಬೇರಿಂಗಿಗೆ ಎಂಜಿನ್ ಆಯಿಲ್ ಬಿಡದೆ ಹರಿಯುತ್ತಿರಬೇಕು. ಸಣ್ಣ ಬೈಕಿನಲ್ಲಿರುವುದೇ ಸುಮಾರು 1 ಲೀಟರ್ ಆಯಿಲ್. ಕೆಂಪಗೆ ಕಾಯ್ದ ಲೋಹದ ಪಕ್ಕ ಆಯಿಲ್ ಪೈಪ್ ಸೋರಿದರೆ ಬೆಂಕಿ. ಇದೆಲ್ಲ ಇರುವುದು ಸವಾರನ ಮೊಣಕಾಲಿನ ಹತ್ತಿರ.

ಐದು, ಬ್ರೇಕ್, ಟೈರ್, ಚಾಸಿ ಅವೇ ಹಳೆಯವು. ಅವುಗಳನ್ನು 150 ಸಿಸಿಯ ವೇಗಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ.

ಬ್ಯಾಟರಿಯಿಂದ ಓಡುವ ಟರ್ಬೊ ಫ್ಯಾನ್?

ಇನ್ನೊಂದು ಬಗೆಯ ಫಾರ್ವರ್ಡ್ ಇದೆ. ಏರ್ ಫಿಲ್ಟರ್ ಪೈಪಿನಲ್ಲಿ ಒಂದು ಪುಟ್ಟ ಎಲೆಕ್ಟ್ರಿಕ್ ಫ್ಯಾನ್ ಇಟ್ಟರೆ ಸಾಕು, ಟರ್ಬೊ ಆಗುತ್ತದೆ ಎನ್ನುತ್ತಾರೆ. ಇದರ ಲೆಕ್ಕ ಹಾಕಿ ನೋಡಿದೆವು.

150 ಸಿಸಿಯ ಎಂಜಿನ್ ನಿಮಿಷಕ್ಕೆ 8,000 ಸುತ್ತು ತಿರುಗುವಾಗ ಸುಮಾರು 600 ಲೀಟರ್ ಗಾಳಿ ಎಳೆಯುತ್ತದೆ. ಆ ಗಾಳಿಯ ಒತ್ತಡವನ್ನು ಒಂದೂವರೆ ಪಟ್ಟು ಏರಿಸಲು 700ರಿಂದ 900 ವಾಟ್ ಬೇಕು. ಮನೆಯ ಮಿಕ್ಸಿ ಸಾಮಾನ್ಯವಾಗಿ 500ರಿಂದ 750 ವಾಟ್. ಅಂದರೆ ಒಣಮೆಣಸಿನಕಾಯಿ ಪುಡಿ ಮಾಡುವ ಮಿಕ್ಸಿಯೇ ಸಾಲುವುದಿಲ್ಲ, ಅಂಗೈಯಗಲದ ಫ್ಯಾನಿನ ಪಾಡೇನು? 12 ವೋಲ್ಟ್ ಬ್ಯಾಟರಿಯಿಂದ 900 ವಾಟ್ ಎಳೆಯಲು 75 ಆಂಪಿಯರ್ ಬೇಕು. ಬೈಕಿನ ಪುಟ್ಟ ಬ್ಯಾಟರಿ ಅಷ್ಟನ್ನು ಕೆಲವು ನಿಮಿಷವೂ ಕೊಡಲಾರದು. ಈ ಫ್ಯಾನ್ ಗಾಳಿಗೆ ಸಹಾಯ ಮಾಡುವ ಬದಲು ದಾರಿಗೆ ಅಡ್ಡ ನಿಲ್ಲುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎನ್ನುತ್ತೇವೆ. ಈ ಫ್ಯಾನಿಗೆ ಬಣ್ಣ ಮಾತ್ರ ಇದೆ, ಖಾರ ಇಲ್ಲವೇ ಇಲ್ಲ.

ಮೈಲೇಜ್ ಡಬಲ್ ಎಂಬುದಕ್ಕೂ ಇದೇ ಗತಿ. ಊರಿಂದ ಊರಿಗೆ ನಿಧಾನವಾಗಿ ಹೋಗುವಾಗ ಆಕ್ಸಿಲೇಟರ್ ಅರ್ಧವೂ ತೆರೆದಿರುವುದಿಲ್ಲ, ಅಂದರೆ ಎಂಜಿನ್ ತನಗೆ ಸಿಗುವ ಗಾಳಿಯನ್ನೇ ಪೂರ್ತಿ ಬಳಸುತ್ತಿರುವುದಿಲ್ಲ. ಆಗ ಟರ್ಬೊಗೆ ಮಾಡಲು ಕೆಲಸವಿಲ್ಲ. ಜೋರಾಗಿ ಹೋದಾಗ ಕೆಲಸ ಇದೆ, ಆದರೆ ಪೆಟ್ರೋಲೂ ಅಷ್ಟೇ ಸುರಿಯಬೇಕು.

ಮಗನಿಗೆ ಏನು ಹೇಳುವುದು?

ಕಾನೂನಿನ ಮಾತು ಮೊದಲು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ಕಂಪನಿ ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 189ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ರಸ್ತೆಯಲ್ಲಿ ಅನುಮತಿಯಿಲ್ಲದೆ ರೇಸ್ ಮಾಡುವುದು ಅಪರಾಧ. ಇಂಥ ಬೈಕ್ ಅಪಘಾತಕ್ಕೀಡಾದರೆ ವಿಮೆ ಹಣಕ್ಕೂ ತಕರಾರು ಬರಬಹುದು.

ಆದರೆ ಹುಡುಗನ ಆಸೆಯನ್ನು ಬೈದು ಮುಚ್ಚಿಸಬೇಡಿ ಎಂಬುದು ನಮ್ಮ ಸಲಹೆ. ಎಂಜಿನ್ನಿನ ಬಗ್ಗೆ ಕುತೂಹಲ ಇರುವುದು ಒಳ್ಳೆಯದು. ಟರ್ಬೊ ಬೇಕೆಂದರೆ ಲಾರಿ ರಿಪೇರಿಯ ಗ್ಯಾರೇಜಿನಲ್ಲಿ ಬಿಚ್ಚಿಟ್ಟ ಟರ್ಬೊ ನೋಡಲಿ, ಚಕ್ರವನ್ನು ಕೈಯಲ್ಲಿ ತಿರುಗಿಸಲಿ, ಐಟಿಐನಲ್ಲೋ ಡಿಪ್ಲೊಮಾದಲ್ಲೋ ಅದನ್ನು ಕಲಿಯಲಿ. ರೇಸ್ ಬೇಕೆಂದರೆ ಭಾರತದಲ್ಲಿ ಮೋಟಾರ್ ಸ್ಪರ್ಧೆಗಳಿಗೆ ಮಾನ್ಯತೆ ಕೊಡುವ ಎಫ್‌ಎಂಎಸ್‌ಸಿಐ ಸಂಸ್ಥೆಯ ಅನುಮತಿ ಪಡೆದ ಡ್ರ್ಯಾಗ್ ರೇಸ್‌ಗಳು ನಡೆಯುತ್ತವೆ. ಅಲ್ಲಿ ಎದುರಿನಿಂದ ಟ್ರ್ಯಾಕ್ಟರ್ ಬರುವುದಿಲ್ಲ, ಅಡ್ಡ ಎಮ್ಮೆ ಬರುವುದಿಲ್ಲ, ಬಿದ್ದರೆ ಎತ್ತಿಕೊಳ್ಳಲು ಆಂಬುಲೆನ್ಸ್ ನಿಂತಿರುತ್ತದೆ.

ಹೊಸ ಬೈಕ್ ತಂದವರು ಕದರಮಂಡಲಗಿಯ ಕಾಂತೇಶನ ಗುಡಿಯ ಮುಂದೆ ನಿಲ್ಲಿಸಿ, ಚಕ್ರದಡಿ ನಿಂಬೆಹಣ್ಣು ಇಟ್ಟು, ಏನೂ ಆಗದಿರಲಿ ಎಂದು ಕೈಮುಗಿಯುತ್ತಾರೆ. ಅದೇ ಬೈಕಿನ ಎಂಜಿನ್ನಿಗೆ ಗೊತ್ತುಗುರಿಯಿಲ್ಲದ ಕಿಟ್ ಹಾಕಿಸಿ ಹೆದ್ದಾರಿಗಿಳಿದರೆ ಆ ಹರಕೆಗೆ ಅರ್ಥವೇನು ಉಳಿಯಿತು?

ಬ್ಯೂಖಿ 26ನೇ ವಯಸ್ಸಿನಲ್ಲಿ ಕಂಡ ಕನಸಿಗೆ 46ರವರೆಗೆ ಕಾದರು. ಅಷ್ಟು ವರ್ಷ ಅವರು ಸುಟ್ಟದ್ದು ಪರೀಕ್ಷೆಯ ಎಂಜಿನ್‌ಗಳನ್ನು. ವಿಡಿಯೊ ಮಾಡುವವರು ಪರೀಕ್ಷೆಗೆ ಒಡ್ಡುತ್ತಿರುವುದು ನಮ್ಮ ಮಕ್ಕಳನ್ನು. ಆ ವಿಡಿಯೊ ನಿಮ್ಮ ಗ್ರೂಪಿಗೂ ಬಂದಿದ್ದರೆ, ಅದನ್ನು ಮುಂದೆ ಕಳಿಸಬೇಡಿ. ಕಳಿಸಲೇಬೇಕೆನಿಸಿದರೆ, ಇದನ್ನು ಜೊತೆಗೆ ಕಳಿಸಿ.